ಮಾವನ ಏಣಿಯ ಅಳತೆ

ಇಟಲಿಯ ಅವೆರ್ಸಾದ ನಮ್ಮ ಅಸ್ಪ್ರೀನಿಯೊ ದ್ರಾಕ್ಷಿ ಬಳ್ಳಿ ಪಾಪ್ಲರ್ ಮರಗಳನ್ನು ತಬ್ಬಿಕೊಂಡು ಮೂರು ಮಹಡಿ ಎತ್ತರಕ್ಕೆ ಹತ್ತುತ್ತದೆ. ಅದರ ಬಿಳಿ ವೈನಿನಲ್ಲಿ ಒಂದಿಷ್ಟೂ ಸಿಹಿಯಿಲ್ಲ, ನಾಲಿಗೆ ಚುರುಗುಟ್ಟುವ ಹುಳಿ. ಮದುವೆಯಾಗಿ ಬಂದ ವರ್ಷವೇ ಮಾವ ತಮ್ಮಾರೊ ಅವರನ್ನು ಕೇಳಿದ್ದೆ:

"ಇದನ್ನ ಮರಕ್ಕೆ ಹಬ್ಬಿಸಿದ್ದು ಮೊದಲು ಯಾರು ಮಾವ?"

"ಯಾರೂ ಅಲ್ಲ ಕಣಮ್ಮ. ಬಳ್ಳಿ ತಾನಾಗೇ ಹತ್ತಿತು. ನಾವು ಏಣಿ ಹಿಡ್ಕೊಂಡು ಹಿಂದೆ ಓಡಿದ್ವಿ."

"ಪಾದ್ರಿಗಳು ರೋಮನ್ನರಿಗೂ ಹಿಂದಿನ ಎತ್ರುಸ್ಕನ್ನರು ಅಂತಾರಲ್ಲ?"

"ಹೌದಾ? ಅವರಿಗೆ ಏಣಿ ಮಾಡಿಕೊಟ್ಟೋರು ಯಾರು, ಕೇಳು!"

ಇಲ್ಲಿ ಏಣಿಯೇ ಎಲ್ಲ. ಒಂದು ಮೆಟ್ಟಿಲ ಮೇಲೆ ಪಾದವಿಟ್ಟು, ಮೇಲಿನದಕ್ಕೆ ಅದೇ ಕಾಲಿನ ಮೊಣಕಾಲು ಸಿಕ್ಕಿಸಿ, ಎರಡೂ ಕೈ ಬಿಟ್ಟು ಗೊಂಚಲು ಕೊಯ್ಯಬೇಕು. ಅದಕ್ಕೇ ಪ್ರತಿಯೊಬ್ಬನ ಏಣಿಯ ಮೆಟ್ಟಿಲುಗಳ ಅಂತರವೂ ಅವನ ಕಾಲಿನ ಅಳತೆಗೇ ಇರುತ್ತದೆ.

ಕಳೆದ ಚಳಿಗಾಲದಲ್ಲಿ ಮಾವ ಸ್ಕೂಟರಿನಿಂದ ಬಿದ್ದು ಎಡಗಾಲಿನ ಮೂಳೆ ಮುರಿದುಕೊಂಡರು. ವಾಸಿಯಾಯಿತು. ಆದರೆ ಈ ಸಲದ ಕೊಯ್ಲಿನ ಮೊದಲ ದಿನ ಅರ್ಧ ಏಣಿಯಲ್ಲೇ ಗಡಗಡ ನಡುಗಿ, ಖಾಲಿ ಬುಟ್ಟಿಯೊಂದಿಗೆ ಇಳಿದುಬಿಟ್ಟರು.

"ಏನ್ ತಮ್ಮಾರಣ್ಣ, ಮೇಲೆ ಭೂತ ಕಂಡಿತಾ?" ಎಂದು ಪಕ್ಕದ ತೋಟದ ಚೆಸಾರಿಯೊ ಕೂಗಿದ.

"ನಿನ್ನ ಮೂತಿ ಕಂಡೆ ಕಣೊ!"

ಹಾಗೆಂದವರು ಊಟಕ್ಕೆ ಕೂತಾಗ ಎಮ್ಮೆಹಾಲಿನ ಮೊಜರೆಲ್ಲ ಚೀಸನ್ನೂ ಮುಟ್ಟಲಿಲ್ಲ. "ಒಳಗೆ ಹೆದರಿಕೆ ಹೊಕ್ಕಿದೆ. ಮರ ಕಡಿಸಿಬಿಡಿ. ಬಳ್ಳಿ ತಂತಿ ಮೇಲೆ ತಗ್ಗಿನಲ್ಲೇ ಬೆಳೀಲಿ" ಎಂದರು.

ನನಗೆ ಇದು ಅರ್ಥವಾಗಲಿಲ್ಲ. ಹೆದರಿದ ಮನುಷ್ಯ ಅದೇ ಸಂಜೆ, ನನ್ನ ಮಗಳು ಎಲ್ಪೀದಿಯಾ ಎಸೆದ ಚೆಂಡು ಹುಡುಕಲು ಮನೆಯ ಹೆಂಚಿನ ಮೇಲೆ ಹತ್ತುತ್ತಾನೆಯೇ?

ಮರುದಿನ ಹರಿದ ಬಟ್ಟೆ ಹೊಲಿಯುವಾಗ ಮಾವನ ಪ್ಯಾಂಟು ಕೈಗೆ ಬಂತು. ಎಡಗಾಲಿನ ಅಂಚು ಮಾತ್ರ ನೆಲಕ್ಕೆ ಉಜ್ಜಿ ಸವೆದಿತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಟೇಪು ಹಿಡಿದೆ. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಎಡಗಾಲು ಎರಡು ಬೆರಳು ಗಿಡ್ಡ! ಅವರು ಏಣಿಗೆ ಸಿಕ್ಕಿಸುವುದು ಎಡಗಾಲನ್ನೇ.

"ಮಾವ, ಹೆದರಿಕೆಯೂ ಇಲ್ಲ ಏನೂ ಇಲ್ಲ. ನಿಮ್ಮ ಮೊಣಕಾಲು ಮೆಟ್ಟಿಲಿಗೆ ಎಟುಕ್ತಿಲ್ಲ, ಅಷ್ಟೆ."

ಅವರು ಟೇಪು ಕಿತ್ತುಕೊಂಡು ತಾವೇ ಇನ್ನೊಮ್ಮೆ ಅಳೆದರು. ಆಮೇಲೆ ಏಣಿ ಮಾಡುವ ಸೊಸ್ಸಿಯೊಗೆ ಹೇಳಿಕಳಿಸಿದರು.

"ಮದುಮಗನ ಥರ ನೆಟ್ಟಗೆ ಕೂತ್ಕೊಳ್ಳೊ," ಎಂದು ಸೊಸ್ಸಿಯೊ ಕಾಲಿನ ಅಳತೆ ತೆಗೆಯುತ್ತಾ ಗದರಿದ. "ಈ ವಯಸ್ಸಲ್ಲಿ ಗಿಡ್ಡ ಆಗೋಕೆ ಹೊರಟಿದೀಯ!"

ಹೊಸ ಏಣಿ ಬಂದ ದಿನ ನಾನು ಎಲ್ಪೀದಿಯಾಳನ್ನು ಎತ್ತಿಕೊಂಡು ಮರದ ಬುಡದಲ್ಲಿ ನಿಂತೆ. ಮಾವ ತುದಿಗೆ ಹೋದರು. ಮೊಣಕಾಲು ಸಿಕ್ಕಿಸಿದರು. ಒಂದು ಕೈ ಬಿಟ್ಟರು. ಇನ್ನೊಂದನ್ನೂ ಬಿಟ್ಟರು.

ಸ್ವಲ್ಪ ಹೊತ್ತಿಗೆ ಚೂಪು ತಳದ ಬುಟ್ಟಿ ಹಗ್ಗದಲ್ಲಿ ಇಳಿದು, ತುಂಬಿದ ಭಾರಕ್ಕೆ ಮಣ್ಣಿನಲ್ಲಿ ಕಚಕ್ಕನೆ ನಾಟಿಕೊಂಡಿತು.

"ಲೇ ಚೆಸಾರಿಯೋ! ಭೂತ ಇಲ್ಲಿಲ್ಲ ಕಣೋ, ನಿಮ್ಮನೇಲಿದೆಯಾ ನೋಡು!"

ನಾನು ಬುಟ್ಟಿ ಬರಿದು ಮಾಡಿ ಹಗ್ಗ ಜಗ್ಗಿದೆ. ಮೇಲಿನಿಂದ ಬೈಗುಳ ಇನ್ನೂ ಸುರಿಯುತ್ತಲೇ ಇತ್ತು.