ಒಂದು ಹಲ್ಲಿನ ವ್ಯತ್ಯಾಸ

1943ರಲ್ಲಿ ನಾನು ಅಫಜಲಪುರದಲ್ಲಿ ಮೋಟಾರ್ ಮೆಕ್ಯಾನಿಕ್. ಸೋಲಾಪುರದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಊರಿಗೆ ಮರಳಿ, ಬಸ್ಸು ನಿಲ್ಲುವ ಜಾಗದ ಹಿಂದೆ ತಗಡಿನ ಶೆಡ್ ಹಾಕಿಕೊಂಡಿದ್ದೆ. ರಿಪೇರಿಗೆ ಬರುತ್ತಿದ್ದವು ಹೆಚ್ಚಾಗಿ ಸರ್ವಿಸ್ ಬಸ್ಸುಗಳು, ಹತ್ತಿ ಸಾಗಿಸುವ ಲಾರಿಗಳು. ಯುದ್ಧದ ಕಾಲ. ವಿಲಾಯತಿ ಬಿಡಿಭಾಗಗಳು ಹಡಗಿನಲ್ಲಿ ಬರುವುದು ನಿಂತೇಹೋಗಿತ್ತು. ಆ ವರ್ಷದ ಬೇಸಿಗೆಯಲ್ಲಿ ನನ್ನ ಶೆಡ್ಡಿಗೆ ಒಂದು ಸ್ಪೋರ್ಟ್ಸ್ ಕಾರು ಬಂತು. ಅದನ್ನು ಎರಡು ಎತ್ತು ಕಟ್ಟಿ ಎಳೆದು ತಂದಿದ್ದರು.

ಕಾರು ಹೆಣ್ಣುಮಕ್ಕಳ ದವಾಖಾನೆಯ ಡಾಕ್ಟರ್ ಕಮಲಾಬಾಯಿಯವರದು. ತೀರಿಕೊಂಡ ಅಣ್ಣನಿಂದ ಅವರಿಗೆ ಬಂದದ್ದು. ಎರಡೇ ಸೀಟು, ಮಡಚುವ ಹುಡ್, ಉದ್ದನೆಯ ಮೂತಿ. ಶೋಕಿಗಾಗಿ ಮಾಡಿದ ಆ ಗಾಡಿಯನ್ನು ಅವರು ಹೆರಿಗೆಯ ಕೇಸುಗಳಿಗೆ ಓಡಿಸುತ್ತಿದ್ದರು. ಪಕ್ಕದ ಸೀಟಿನ ಮೇಲೆ ಔಷಧದ ಪೆಟ್ಟಿಗೆ ಇಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಘತ್ತರಗಿಯಿಂದ ಜೇವರಗಿಯ ಕಡೆಯ ಹಳ್ಳಿಗಳವರೆಗೂ ಹೋಗಿಬರುತ್ತಿದ್ದರು.

ಚಳಿಗಾಲದಲ್ಲಿ ಆ ಎಂಜಿನ್ನಿನ ಟೈಮಿಂಗ್ ಚೈನ್ ಹರಿದು ವಾಲ್ವ್‌ಗಳು ಬಾಗಿದ್ದವು. ದೂರದ ಶಹರದ ಒಂದು ವರ್ಕ್‌ಶಾಪಿನವರು ಎಂಜಿನ್ ಬಿಚ್ಚಿ, ಹೇಗೋ ಹೊಸ ವಾಲ್ವ್‌ಗಳನ್ನು ದೊರಕಿಸಿ, ಮತ್ತೊಂದು ಗಾಡಿಯಿಂದ ಚೈನಿನ ಹಲ್ಲುಚಕ್ರ ತೆಗೆದು ಜೋಡಿಸಿ ಕೊಟ್ಟಿದ್ದರು. ಅಂದಿನಿಂದ ಗಾಡಿಗೆ ಬಲವೇ ಇರಲಿಲ್ಲ. ಸಪಾಟು ದಾರಿಯಲ್ಲಿ ಓಡುತ್ತಿತ್ತು. ಮಣ್ಣೂರ ದಾರಿಯ ಹಳ್ಳದ ಏರಿನಲ್ಲಿ ಮಾತ್ರ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು.

“ಭೀಮಣ್ಣ, ಕಾರ್ಬುರೇಟರ್ ತೊಳಿಸೀನಿ, ಪ್ಲಗ್ ಬದಲಿ ಮಾಡಿಸೀನಿ,” ಎಂದರು ಡಾಕ್ಟರ್ ಬಾಯಿ. “ಮಣ್ಣೂರಾಗ ಒಬ್ಬಾಕಿ ಬಸುರಿ ಇದ್ದಾಳ. ಕೂಸು ಅಡ್ಡ ಮಲಗ್ಯದ. ದಿನ ತುಂಬಾಕ ಬಂದಾವ. ಎತ್ತಿನ ಗಾಡ್ಯಾಗ ಹೋದ್ರ ನಾ ಮುಟ್ಟೂದ್ರಾಗ ಎಲ್ಲಾ ಮುಗಿದಿರ್ತದ.”

ಮುಂದಿನ ಮುಚ್ಚಳ ತೆಗೆದು ನೋಡಿದೆ. ಹಲ್ಲುಚಕ್ರಗಳ ಮೇಲಿನ ಟೈಮಿಂಗ್ ಗುರುತುಗಳು ಒಂದಕ್ಕೊಂದು ಸರಿಯಾಗಿಯೇ ಹೊಂದಿದ್ದವು. ಇಲ್ಲಿ ಒಂದು ಮಾತು ವಿವರಿಸಬೇಕು. ಎಂಜಿನ್ನಿಗೆ ಗಾಳಿ-ಪೆಟ್ರೋಲು ಒಳಗೆ ಬರುವ ಬಾಗಿಲು, ಹೊಗೆ ಹೊರಗೆ ಹೋಗುವ ಬಾಗಿಲು ಎಂದರೆ ವಾಲ್ವ್‌ಗಳು. ಅವನ್ನು ತೆರೆಯುವ ದಂಡ ಕ್ಯಾಮ್‌ಶಾಫ್ಟ್. ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್ ಎಂಬ ದಂಡಕ್ಕೆ ಅದನ್ನು ಜೋಡಿಸುವುದೇ ಟೈಮಿಂಗ್ ಚೈನ್. ಪಿಸ್ಟನ್ ಮೇಲೆ ಕೆಳಗೆ ಆಡುವುದಕ್ಕೂ ಬಾಗಿಲು ತೆರೆಯುವುದಕ್ಕೂ ತಾಳ ತಪ್ಪಿದರೆ ಬಲ ಹೋಗುತ್ತದೆ. ಹೆಚ್ಚು ತಪ್ಪಿದರೆ ಪಿಸ್ಟನ್ ಮೇಲೆ ಬಂದು ವಾಲ್ವಿಗೇ ಗುದ್ದುತ್ತದೆ.

ಬೇರೆ ಗಾಡಿಯ ಹಲ್ಲುಚಕ್ರ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಆ ಗುರುತನ್ನು ನಂಬದೆ ಅಳತೆ ಮಾಡಲು ನಿಶ್ಚಯಿಸಿದೆ. ತಗಡಿನ ಬಿಲ್ಲೆ ಕತ್ತರಿಸಿ, ಅದರ ಸುತ್ತ 360 ಡಿಗ್ರಿ ಗೀಚಿ, ಕ್ರ್ಯಾಂಕಿನ ತುದಿಗೆ ಬಿಗಿದೆ. ಪ್ಲಗ್ಗಿನ ತೂತಿನಲ್ಲಿ ಬೋಲ್ಟ್ ಇಳಿಸಿ, ಪಿಸ್ಟನ್ ಅದಕ್ಕೆ ತಾಗುವವರೆಗೆ ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ಮೆಲ್ಲಗೆ ತಿರುಗಿಸಿದೆ. ಎರಡರ ನಟ್ಟನಡುವೆಯೇ ಪಿಸ್ಟನ್ ಪೂರ್ತಿ ಮೇಲೇರುವ ಜಾಗ, ಅದರ ನಿಜವಾದ ತುದಿ. ಆಮೇಲೆ ಬೋಲ್ಟ್ ತೆಗೆದು, ವಾಲ್ವ್ ಒತ್ತುವ ರಾಕರಿನ ಕೆಳಗೆ ಸಿಗರೇಟ್ ಪಾಕೀಟಿನ ತೆಳು ಕಾಗದ ಸಿಕ್ಕಿಸಿ ಮತ್ತೆ ತಿರುಗಿಸಿದೆ. ಕಾಗದ ಬಿಗಿಯುವ ಕ್ಷಣವೇ ವಾಲ್ವ್ ತೆರೆಯುವ ಕ್ಷಣ. ಬಿಲ್ಲೆಯ ಮುಂದೆ ಕೂತಿದ್ದ ಡಾಕ್ಟರ್ ಬಾಯಿ ಅಂಕಿ ಓದಿದರು.

“ತುದಿ ದಾಟಿ ಮೂರು.”

ಒಳಬಾಗಿಲು ತುದಿಗೆ ಹದಿನೈದು ಡಿಗ್ರಿ ಮೊದಲೇ ತೆರೆಯಬೇಕೆಂದು ಎಂಜಿನ್ನಿನ ಹಿತ್ತಾಳೆ ಪಟ್ಟಿಯ ಮೇಲೆಯೇ ಕೆತ್ತಿತ್ತು. ಹದಿನೈದು, ಮೂರು ಕೂಡಿದರೆ ಹದಿನೆಂಟು. ಕ್ಯಾಮಿನ ಚಕ್ರಕ್ಕೆ ನಲವತ್ತು ಹಲ್ಲು. ಒಂದು ಹಲ್ಲು ಸರಿದರೆ ಅಲ್ಲಿ ಒಂಬತ್ತು ಡಿಗ್ರಿ, ಅದರ ಎರಡರಷ್ಟು ಸುತ್ತುವ ಕ್ರ್ಯಾಂಕಿನಲ್ಲಿ ಸರಿಯಾಗಿ ಹದಿನೆಂಟು. ಆ ಚಕ್ರದ ಗುರುತು ಬೇರೆ ಎಂಜಿನ್ನಿಗಾಗಿ ಹೊಡೆದದ್ದು.

ಚೈನನ್ನು ಒಂದು ಹಲ್ಲು ಮುಂದಕ್ಕೆ ಹಾಕಿದರೆ ಕೆಲಸ ಮುಗಿಯಬೇಕಿತ್ತು. ಆದರೆ ಶಹರದವರು ವಾಲ್ವ್‌ಗಳಿರುವ ಮೇಲ್ಭಾಗದ, ಅಂದರೆ ಹೆಡ್ಡಿನ, ತಳವನ್ನು ಹೆರೆದು ಸಪಾಟು ಮಾಡಿದ್ದರು. ಅಷ್ಟರಮಟ್ಟಿಗೆ ವಾಲ್ವ್‌ಗಳು ಪಿಸ್ಟನ್ನಿಗೆ ಹತ್ತಿರ ಬಂದಿದ್ದವು. ತಾಗಿ ಬಾಗಿದರೆ ಯುದ್ಧ ಮುಗಿಯುವವರೆಗೆ ಬೇರೆ ವಾಲ್ವ್ ಸಿಗುವ ಮಾತೇ ಇರಲಿಲ್ಲ.

“ಹಲ್ಲಿನ ಡಾಕ್ಟರು ಮೇಣದಾಗ ಅಚ್ಚು ತಗೋತಾರ,” ಎಂದರು ಡಾಕ್ಟರ್ ಬಾಯಿ. “ಇದರಾಗೂ ಹಂಗ ತಗೋಳಾಕ ಬರೂದಿಲ್ಲೇನು?”

ಮೇಣ ಇದಕ್ಕೆ ತೀರ ಗಟ್ಟಿ ಎನಿಸಿ, ಮನೆಯಿಂದ ಗೋದಿಹಿಟ್ಟಿನ ಕಣಕ ತರಿಸಿದೆ. ಹೆಡ್ ಬಿಚ್ಚಿ ಪಿಸ್ಟನ್ನಿನ ತಲೆಯ ಮೇಲೆ ಕಣಕ ಮೆತ್ತುತ್ತಿದ್ದೆ. ಅಷ್ಟರಲ್ಲಿ ಕುದುರೆಯೊಂದು ಶೆಡ್ಡಿನ ಮುಂದೆ ಬಂದು ನಿಂತಿತು. ಬಂದವನು ಮಣ್ಣೂರಿನ ಆ ಬಸುರಿಯ ಗಂಡ.

“ಮುಂಜಾನಿಂದ ಬ್ಯಾನಿ ತಿನ್ನಾಕತ್ಯಾಳ್ರಿ. ಲಗೂನ ಗಾಡಿ ಜೋಡಸ್ರಿ, ಹೋಗೂಣು,” ಎಂದ.

ಡಾಕ್ಟರ್ ಬಾಯಿ ನನ್ನ ಕಡೆ ತಿರುಗಿದರು. “ಈ ಕಣಕದ ಕೆಲಸ ಬಿಟ್ಟು ಜೋಡಿಸಿದ್ರ ಏನಾಗ್ತದ?”

“ನಡದ್ರೂ ನಡೀಬಹುದ್ರಿ. ಇಲ್ಲಂದ್ರ ವಾಲ್ವ್ ಬಾಗಿ ದಾರ್ಯಾಗ ನಿಲ್ತದ. ಎರಡು ತಾಸು ಕೊಡ್ರಿ, ನಾ ಮಣ್ಣೂರ ಮುಟ್ಟಸ್ತೇನಿ.”

“ಎರಡು ತಾಸು ತಗೋ,” ಎಂದರು ಡಾಕ್ಟರ್ ಬಾಯಿ. ಹೆರಿಗೆ ಮಾಡಿಸುವ ದವಾಖಾನೆಯ ದಾಯಿಯನ್ನು ಟಾಂಗಾದಲ್ಲಿ ಮುಂದೆ ಕಳಿಸಿ, ತಾವು ಉಪಕರಣ ಕುದಿಸಲು ಹೋದರು. ಆ ಗಂಡ ಮಾತ್ರ ಬಾಗಿಲಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಹೆಡ್ ಕೂರಿಸಿ, ಚೈನನ್ನು ಹೊಸ ಜಾಗಕ್ಕೆ ಹಾಕಿ, ಕೈಯಿಂದ ಎರಡು ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ. ಮತ್ತೆ ಹೆಡ್ ಎತ್ತಿದಾಗ ಕಣಕದ ಮೇಲೆ ವಾಲ್ವಿನ ಅಚ್ಚು ದುಂಡಗೆ ಮೂಡಿತ್ತು. ಚಾಕುವಿನಿಂದ ಸೀಳಿ ನೋಡಿದೆ. ಅತಿ ತೆಳುವಾದ ಕಡೆಯೂ ಎಂಟಾಣೆ ನಾಣ್ಯದಷ್ಟು ದಪ್ಪ ಉಳಿದಿತ್ತು. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಅಷ್ಟು ಸಂದು ಸಾಕು. ಕಣಕ ಒರೆಸಿ, ಎಲ್ಲವನ್ನೂ ಬಿಗಿದು, ಹ್ಯಾಂಡಲ್ ಹೊಡೆದೆ. ಎರಡನೆಯ ಹೊಡೆತಕ್ಕೇ ಎಂಜಿನ್ ಹಿಡಿಯಿತು. ಒಂದೇ ಹದದ, ತುಂಬಿದ ದನಿ. ನಿಂತಿದ್ದ ಕುದುರೆ ಬೆದರಿ ಹಗ್ಗ ಜಗ್ಗಿತು.

ಡಾಕ್ಟರ್ ಬಾಯಿಯೇ ಓಡಿಸಿದರು. ನಾನು ಪಕ್ಕದಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಳ್ಳದ ಏರು ಬಂದಾಗ ಅವರು ಗೇರ್ ಇಳಿಸಿ ಆಕ್ಸಲರೇಟರ್ ಒತ್ತಿದರು. ಕಾರು ಮೂತಿ ಎತ್ತಿ, ಮರಳು ಚಿಮ್ಮಿಸುತ್ತ, ಒಂದೇ ಉಸಿರಿಗೆ ಮೇಲೆ ಬಂತು. “ಬಂತಲ್ಲೋ ಭೀಮಣ್ಣ,” ಎಂದು ಅವರು ಸಣ್ಣ ಹುಡುಗಿಯಂತೆ ನಕ್ಕರು. ಅರ್ಧದಾರಿಯಲ್ಲಿ ದಾಯಿಯ ಟಾಂಗಾವನ್ನೂ ಹಿಂದೆ ಹಾಕಿದೆವು.

ಮಣ್ಣೂರಿನ ಆ ಮನೆಯ ಕಟ್ಟೆಯ ಮೇಲೆ ಕೂತು ಕಾದೆ. ಒಳಗಿನಿಂದ ಮೊದಲು ತಾಯಿಯ ನರಳಾಟ, ಆಮೇಲೆ ಕೂಸಿನ ಅಳು. ಡಾಕ್ಟರ್ ಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. “ಕೂಸಿನ ತಿರುವಿ ತಗದೆ. ಹೆಣ್ಣು. ತಾಯೀನೂ ಆರಾಮ ಇದ್ದಾಳ.” ಆಗತಾನೆ ಕುದುರೆ ಇಳಿದಿದ್ದ ಗಂಡ ಅಲ್ಲೇ ನೆಲಕ್ಕೆ ಕುಸಿದು ಕೂತು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡ.

ಮುಂದೆ ನಾನು ಬಸ್ ಡಿಪೋ ಸೇರಿ, ಎಷ್ಟೋ ಮಂದಿಗೆ ಎಂಜಿನ್ ಕೆಲಸ ಕಲಿಸಿದೆ. ಅವಸರದ ದಿನವೇ ಅಳತೆ ಬಿಡಬಾರದೆಂಬುದು ಆ ಕಾರು ನನಗೆ ಕಲಿಸಿದ ಪಾಠ. ಹೊಸಬರು ಟೈಮಿಂಗ್ ಕವರ್ ಮುಚ್ಚಲು ಹೊರಟು, “ಗುರುತು ಹೊಂದ್ಯಾವ್ರಿ, ಮುಚ್ಚಲೇನು?” ಎಂದು ಕೇಳುತ್ತಿದ್ದರು.

“ಹೊಂದ್ಯಾವ,” ಎನ್ನುತ್ತಿದ್ದೆ. “ಈಗ ಅಳದು ನೋಡು.”