ಅರಸನಿಗೆ ಗಂಜಿ ಕಲಿಸಿದ ಮಾವ

ನನ್ನ ಸೋದರಮಾವ ಹದಿನೆಂಟು ವರ್ಷ ಒಬ್ಬ ಅರಸನ ಅಡುಗೆಯವರಾಗಿದ್ದರು. ಸಮುದ್ರದಾಚೆಯ ಸಣ್ಣದೊಂದು ದ್ವೀಪ. ಸ್ವಂತ ಅಣ್ಣನನ್ನೇ ಓಡಿಸಿ ಪಟ್ಟವೇರಿದ ಆ ಅರಸ ಪತ್ರಿಕೆಗಳನ್ನು ಮುಚ್ಚಿಸಿ, ಎದುರಾಡಿದವರನ್ನು ಸೆರೆಗೆ ಹಾಕಿ ಮೂವತ್ತು ವರ್ಷ ಆಳಿದ. ಯಾರಾದರೂ ವಿಷ ಹಾಕಿಯಾರೆಂಬ ಭಯ ಅವನಿಗೆ. ಹಾಗಾಗಿ ದಿನವೂ ಮಾವ ಅವನೆದುರೇ ನಿಂತು ಮೊದಲ ತುತ್ತು ತಿನ್ನಬೇಕಿತ್ತು.

ನಾನು ಉಜಿರೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹೋದ ವರ್ಷ ಸರ್ವಾಧಿಕಾರದ ಪಾಠ ಬಂದಾಗ ಬೆಳ್ತಂಗಡಿಯ ಮನೆಗೆ ಹೋಗಿ, ಮಕ್ಕಳೊಡನೆ ಮಾತಾಡಲು ಮಾವನನ್ನು ಕರೆದೆ.

"ನನಗೆಂಥ ಮಾತಾಡ್ಲಿಕ್ಕೆ ಬರ್ತದೆ ಮಾರಾಯ್ತಿ?" ಎಂದರೂ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದರು.

ತರಗತಿಯಲ್ಲಿ ಅವರು ಹೇಳಿದ್ದು ಅರಮನೆಯ ತೋಟದವನ ಕಥೆ. ಕದ್ದು ರೇಡಿಯೋ ಕೇಳಿದನೆಂದು ಸೈನಿಕರು ಅವನನ್ನು ಎಳೆದೊಯ್ದರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಅತ್ತಳು. ಅಂದು ಮಧ್ಯಾಹ್ನ ತುತ್ತು ನುಂಗಿದ ಮೇಲೆ ಮಾವ ಮೊದಲ ಬಾರಿ ಅರಸನೊಡನೆ ಬಾಯಿಬಿಟ್ಟರು: ಅವನು ಪಾಪದವನು, ಏನೂ ಅರಿಯದವನು, ಬಿಟ್ಟುಬಿಡಿ. ಅರಸ ತಲೆ ಎತ್ತದೆ ಊಟ ಮುಗಿಸಿದ. ಮೂರು ವಾರ ಕಳೆದು ತೋಟದವನು ಮರಳಿದ. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ.

"ಆಮೇಲೂ ಅಡುಗೆ ಮಾಡಿದ್ರಾ ಅಜ್ಜ?" ಹುಡುಗಿಯೊಬ್ಬಳು ಕೇಳಿದಳು.

"ಮಾಡಿದೆ. ಹೆದರಿಕೆ ಉಂಟಲ್ಲ ಮಗಾ."

ಕೊನೆಗೆ ಸೈನ್ಯವೇ ಅರಸನನ್ನು ಇಳಿಸಿ ಸಣ್ಣ ಮನೆಯೊಂದರಲ್ಲಿ ಕೂಡಿಹಾಕಿತು. ಆಳುಗಳೆಲ್ಲ ಚದುರಿದರು. ಊರಿಗೆ ಹೊರಟ ಮಾವ ಹೇಳಿ ಬರಲು ಹೋದರೆ, ಅರವತ್ತು ದಾಟಿದ ಅರಸ ಒಲೆ ಹಚ್ಚಲು ಬಾರದೆ ಅಕ್ಕಿಯ ಮುಂದೆ ಸುಮ್ಮನೆ ಕೂತಿದ್ದ. ಮಾವ ಎರಡು ತಿಂಗಳು ಉಳಿದು ಅವನಿಗೆ ಗಂಜಿ ಬೇಯಿಸಲು ಕಲಿಸಿದರು. ಒಮ್ಮೆ ಬಿಸಿ ಪಾತ್ರೆ ಮುಟ್ಟಿ ಅರಸ ಬೆರಳು ಸುಟ್ಟುಕೊಂಡ. ಮಾವ ತೆಂಗಿನೆಣ್ಣೆ ಹಚ್ಚುತ್ತಿದ್ದಾಗ, "ಆ ತೋಟದವನ ಕೈ ಸರಿಯಾಯಿತೆ?" ಎಂದು ಕೇಳಿದನಂತೆ.

"ಇಲ್ಲ" ಎಂದರು ಮಾವ.

ಆ ದಿನ ಅರಸ ಉಣ್ಣಲಿಲ್ಲ. ಮರುವರ್ಷ ಅದೇ ಮನೆಯಲ್ಲಿ ತೀರಿಕೊಂಡ.

ಬೆಳ್ತಂಗಡಿಗೆ ಮರಳುವ ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ: "ಅವನ ಮೇಲೆ ನಿಮಗೆ ಪ್ರೀತಿ ಇತ್ತಾ ಮಾವ?"



"ಪ್ರೀತಿ ಅಂತ ಅಲ್ಲ. ಹಸಿದು ಕೂತವನನ್ನು ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ. ಬರುವಾಗ ತೋಟದವನ ಮನೆಗೂ ಒಮ್ಮೆ ಹೋಗ್ಬೇಕಿತ್ತು. ಅದೊಂದು ಮಾಡ್ಲಿಲ್ಲ ನಾನು."

ಊರು ಬರುವವರೆಗೆ ಅವರ ಕೈ ಹಿಡಿದುಕೊಂಡೇ ಕೂತಿದ್ದೆ.