ಜಲಜತ್ತೆ ಓದಿದ ಇಂಗ್ಲಿಷ್ ಪುಸ್ತಕಗಳು

ಹೊಸ ಚಿತ್ರಪುಸ್ತಕದ ವಾಸನೆಯನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಐರೋಲಿಯ ನಮ್ಮ ಫ್ಲ್ಯಾಟಿಗೆ ಪಾರ್ಸೆಲ್ ಬಂದಾಗಲೆಲ್ಲ ಬಿಡಿಸಿ, ಮಗಳ ಕೈಗೆ ಕೊಡುವ ಮೊದಲು ಪುಟಗಳ ನಡುವೆ ಮೂಗಿಟ್ಟು ನೋಡುತ್ತೇನೆ. ಅಂಟಿನ, ಬಣ್ಣದ, ಪ್ಲಾಸ್ಟಿಕ್ಕಿನ ಸಿಹಿ ಘಾಟು. ಇನ್ನೂ ಯಾರ ಮನೆಯನ್ನೂ ಕಾಣದ ಕಾಗದದ ವಾಸನೆ. ಕೊನೆಯ ಪುಟದಲ್ಲಿ ತಂದೆತಾಯಂದಿರಿಗೆ ಪ್ರಶ್ನೆಗಳಿರುತ್ತವೆ: ಮೊಲ ತನ್ನ ಕ್ಯಾರೆಟನ್ನು ಏಕೆ ಹಂಚಿಕೊಂಡಿತು, ಇದರಿಂದ ಮಗು ಏನು ಕಲಿಯಿತು. ನನಗೆ ಅಲ್ಲಿಗೇ ಅನುಮಾನ ಶುರು. ಇಷ್ಟು ಸಾಧುವಾದ ಮೊಲವನ್ನು ಇವರು ಎಲ್ಲಿ ನೋಡಿದರು? ಮಗಳು ಇನ್ನೂ ಚಿಕ್ಕವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಾ, ಸೂಂಘನಾ ಬಂದ್ ಕರೋ, ಪಢೋ ನಾ!" ಮೂಸಿದ್ದು ಸಾಕು, ಓದು ಎಂದು ಪುಸ್ತಕ ಎಳೆಯುತ್ತಾಳೆ. ಪುಸ್ತಕವನ್ನು ಮೂಸಿ ನೋಡುವ ಈ ಚಾಳಿ ನನ್ನದಲ್ಲ. ಅದು ಡೊಂಬಿವಲಿಯ ಒಂದು ಮನೆಯಿಂದ, ಅಪ್ಪನ ಅಕ್ಕ ಜಲಜತ್ತೆಯಿಂದ ಬಂದದ್ದು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಟವರ್ ಎದ್ದಿದೆ. ಗೇಟಿನ ವಾಚ್‌ಮನ್ ನನ್ನನ್ನು ಯಾರ ಕಡೆಯವರು ಎಂದು ಕೇಳುತ್ತಾನೆ.

ಎರಡು ಕೋಣೆಯ ಮನೆ, ಎದುರಿಗೆ ಎಲ್ಲ ಬಾಡಿಗೆದಾರರಿಗೂ ಸೇರಿದ ಉದ್ದನೆಯ ಗ್ಯಾಲರಿ. ಸಂಜೆ ಅಲ್ಲಿ ಒಗ್ಗರಣೆಯ ಇಂಗು, ಒದ್ದೆ ಬಟ್ಟೆ, ಪಕ್ಕದ ಮನೆಯವರ ಒಣಮೀನು ಎಲ್ಲ ಸೇರಿದ ಒಂದು ವಾಸನೆ ಇರುತ್ತಿತ್ತು. ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅವರು ಬರುವಷ್ಟರಲ್ಲಿ ನಾನು ಮಲಗಿರುತ್ತಿದ್ದೆ. ಅತ್ತೆ ಗಂಡನ ಮನೆಯಿಂದ ಒಂದು ಟ್ರಂಕಿನೊಂದಿಗೆ ವಾಪಸು ಬಂದವರು. ಏಕೆ ಬಂದರೆಂದು ನನಗೆ ಯಾರೂ ಹೇಳಲಿಲ್ಲ. ಅಪ್ಪ, ಅತ್ತೆ ಇಬ್ಬರೇ ಮಾತಾಡುವಾಗ ತುಳು. ತುಮಕೂರಿನ ಕಡೆಯ ಅಮ್ಮನಿಗೆ ತುಳು ಬಾರದು. ಒಂದು ತುಳು ಮಾತು ಕೋಣೆ ದಾಟಿದರೂ ಸಾಕು, ಅವಳ ಕೈಯ ಸೌಟು ನಿಲ್ಲುತ್ತಿತ್ತು. "ನನ್ ವಿಷಯಾನೇ ಇರ್ಬೇಕು" ಎಂದು ಗೋಡೆಗೆ ಹೇಳುತ್ತಿದ್ದಳು. ಅಡುಗೆಮನೆ ಅಮ್ಮನದು, ದೇವರಗೂಡು ಅಮ್ಮನದು, ಬೀರುವಿನ ಕೀಲಿಕೈ ಅಮ್ಮನ ಸೊಂಟದಲ್ಲಿ. ನನ್ನನ್ನು ಕಾನ್ವೆಂಟಿಗೆ ಸೇರಿಸಿದಾಗ ಅಲ್ಲಿನ ಸಿಸ್ಟರ್, ಮಗುವಿಗೆ ದಿನಾ ಸಂಜೆ ಇಂಗ್ಲಿಷ್ ಚಿತ್ರಪುಸ್ತಕ ಓದಿ ಹೇಳಿ ಎಂದರು. ಸಂಜೆ ಅಮ್ಮನ ಕೈಗೆ ಬಿಡುವಿರುತ್ತಿರಲಿಲ್ಲ. "ನಾನು ಓದ್ತೇನೆ, ಅದೆಂತ ದೊಡ್ಡ ಕೆಲಸವಾ?" ಎಂದು ಅತ್ತೆ ಚಾಪೆ ಬಿಡಿಸಿದರು. ಆ ಮನೆಯಲ್ಲಿ ಅವರದೇ ಎಂದು ಸಿಕ್ಕ ಜಾಗ ಆ ಚಾಪೆಯೊಂದೇ. ಅದು ಹೋದರೆ ತಾನು ಅಲ್ಲಿರಲು ನೆಪವಿಲ್ಲವೆಂದು ಅವರಿಗೆ ಮೊದಲ ದಿನವೇ ಗೊತ್ತಿದ್ದಿರಬೇಕು.

ಪುಸ್ತಕ ಆರಿಸಲು ನಾವು ಸ್ಟೇಷನ್ನಿನ ಹತ್ತಿರದ ರದ್ದಿ ಅಂಗಡಿಗೆ ಹೋಗುತ್ತಿದ್ದೆವು. ದೊಡ್ಡ ಮನೆಗಳ ಮಕ್ಕಳು ಓದಿ ಬಿಟ್ಟ ಪುಸ್ತಕಗಳು ಹಳೆಯ ಪೇಪರಿನ ಜೊತೆ ತೂಕಕ್ಕೆ ಅಲ್ಲಿ ಬಂದು ಬೀಳುತ್ತಿದ್ದವು. ಅತ್ತೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಬದನೆಕಾಯಿ ಆರಿಸುವ ಹಾಗೆ ಒಂದೊಂದನ್ನೇ ತಿರುಗಿಸಿ ನೋಡುವರು. ಮೊದಲು ಮೂಸುವುದು, ಆಮೇಲೆ ಬೆನ್ನು ಹಿಡಿದು ಕೊಡವುವುದು: ತಿಗಣೆ ಇದ್ದರೆ? ಆಮೇಲೆ ಪ್ರಾಣಿಗಳ ಮುಖ ನೋಡುವುದು. "ಈ ನರಿಯ ನಗೆ ಸಮ ಇಲ್ಲ, ಇಡು ಅದನ್ನು." ಬಿಳಿಯ ಮಕ್ಕಳ ಪುಸ್ತಕಗಳ ಮೇಲೆ ಅವರಿಗೆ ತೀರದ ಸಂಶಯ. ಒಂದು ಪುಟದಲ್ಲಿ ಸಣ್ಣ ಹುಡುಗನೊಬ್ಬ ದೊಡ್ಡ ಕೋಣೆಯಲ್ಲಿ ಒಬ್ಬನೇ ಮಲಗಿದ್ದ, ಕಿಟಕಿಯಲ್ಲಿ ಚಂದ್ರ. "ಇಷ್ಟು ಸಣ್ಣ ಮಗುವನ್ನು ಒಬ್ಬನೇ ಮಲಗಿಸಿದ್ದಾರಲ್ಲ! ಇದರ ತಾಯಿ ಎಲ್ಲಿ ಸತ್ತಳು?" ಎಂದು ಅತ್ತೆ ಹಿಂದೆ ಮುಂದೆ ಪುಟ ಮಗುಚಿ ಹುಡುಕಿದರು. ತಾಯಿ ಸಿಗಲಿಲ್ಲ. ಅಂಗಡಿಯ ಸೇಠ್ ನಗುತ್ತಾ, "ಮೌಸಿ, ಕಿತಾಬ್ ಲೇನಾ ಹೈ ಕಿ ಪೋಲೀಸ್ ಮೇ ದೇನಾ ಹೈ?" ಎಂದ, ಪುಸ್ತಕ ಕೊಳ್ಳುವುದೋ ಪೊಲೀಸರಿಗೆ ಒಪ್ಪಿಸುವುದೋ ಎಂದು. ಆರಿಸಿದ್ದು ನೇರ ಮನೆಯೊಳಗೆ ಬರುವಂತಿಲ್ಲ. ಗ್ಯಾಲರಿಯಲ್ಲಿ ಹಪ್ಪಳದ ಪಕ್ಕ ಬಿಸಿಲಿಗೆ ಹರಡಿ, ಸಂಜೆ ಸೆರಗಿನಲ್ಲಿ ಒರೆಸಿ, ಆಮೇಲೆ ಓದು. ಬಿಸಿಲುಂಡ ಆ ಪುಟಗಳು ಉದ್ದಿನ ಹಿಟ್ಟಿನ ಹಾಗೆ ಪರಿಮಳಿಸುತ್ತಿದ್ದವು.

ಅತ್ತೆಗೆ ಇಂಗ್ಲಿಷ್ ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಕಾಪುವಿನ ಹತ್ತಿರದ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವರು ಅವರು. ಕನ್ನಡಕ ಏರಿಸಿ, ಸಾಲುಗಳ ಕೆಳಗೆ ತೋರುಬೆರಳು ಸರಿಸುತ್ತಾ, ಮನೆಮಾತಿನದಲ್ಲದ, ನಿಧಾನವಾದ, ಪುಸ್ತಕದ ಕನ್ನಡದಲ್ಲಿ ಓದುತ್ತಿದ್ದರು. ಅವರ ಓದಿನಲ್ಲಿ ಕೆಂಪು ಕೋಟಿನ ಕರಡಿ ಹಿಮದಲ್ಲಿ ನಡೆಯುತ್ತಿರಲಿಲ್ಲ. ಅಕ್ಕಿಹಿಟ್ಟು ಚೆಲ್ಲಿದ ಹೋಟೆಲಿನ ಅಡುಗೆಮನೆಯಲ್ಲಿ ಜಾರದ ಹಾಗೆ ಕಾಲಿಡುತ್ತಿತ್ತು. ಸ್ಲೋ ಲೋಕಲ್ ರೈಲು ಹಿಡಿದು ಠಾಣೆಗೆ ಹೋಗಿ ಗಲ್ಲಾದ ಮೇಲೆ ಕೂರುತ್ತಿತ್ತು. ಮರುದಿನ ಅದೇ ಪುಟದಲ್ಲಿ ಅದೇ ಕರಡಿ ತುರ್ಭೆಯ ಮಾರ್ಕೆಟ್ಟಿನಲ್ಲಿ ಈರುಳ್ಳಿಗೆ ಚೌಕಾಸಿ ಮಾಡುವುದು. ನಾನು ಶಾಲೆಯಲ್ಲಿ ಅಕ್ಷರ ಕೂಡಿಸಿ ಓದಲು ಕಲಿಯತೊಡಗಿದ್ದೆ. ಅವರ ಬೆರಳು ದಾಟಿದ ಪದಗಳಿಗೂ ಬಾಯಿಂದ ಬಂದವಕ್ಕೂ ತಾಳೆಯಿಲ್ಲವೆಂದು ನನಗೆ ಗುಮಾನಿ.

"ನಿನ್ನೆ ಬೇರೆ ಇತ್ತಲ್ಲ ಅತ್ತೆ?"

"ನಿನ್ನೆ ಹೋದದ್ದು ಇವನ ಅಣ್ಣ."

"ಮುಖ ಒಂದೇ ಥರ ಉಂಟಲ್ಲ?"

"ಅಣ್ಣತಮ್ಮಂದಿರಲ್ಲವಾ, ಮತ್ತೆಂತ ನೆರೆಮನೆಯವರ ಮುಖ ಇರ್ತದಾ? ಸುಮ್ಮನೆ ಕೇಳು."

ನಾನು ಸುಮ್ಮನೆ ಕೇಳಿದೆ. ಅನುಮಾನವಿದ್ದೂ ಕೇಳಿದೆ, ಇಂದು ಯೋಚಿಸಿದರೆ, ಅನುಮಾನವಿದ್ದುದರಿಂದಲೇ ಅಷ್ಟು ಕಿವಿಗೊಟ್ಟು ಕೇಳಿದೆ ಎನ್ನಿಸುತ್ತದೆ. ಅಡುಗೆಮನೆಯ ಪರದೆಯ ಆಚೆ ಇನ್ನೊಬ್ಬಳು ಕೇಳುತ್ತಿದ್ದಳು. ಅತ್ತೆಯ ಕಥೆಗಳಲ್ಲಿ ಒಂದು ಹೆಣ್ಣುನರಿ ಪದೇ ಪದೇ ಬರುತ್ತಿತ್ತು. ಅದು ತುಪ್ಪದ ಭರಣಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು. ಒಂದು ಸಂಜೆ ಕುಕ್ಕರಿನ ಕೆಳಗಿನ ಗ್ಯಾಸ್ ಆರಿಸಿದ ಸದ್ದಾಯಿತು. ಅಮ್ಮ ಕೈ ಒರೆಸುತ್ತಾ ಬಂದು ಚಾಪೆಯ ತುದಿಯಲ್ಲಿ ನಿಂತಳು.

"ಅಕ್ಕ, ಆ ಕೀಲಿಕೈ ಯಾವ ಪುಟದಲ್ಲಿದೆ, ಸ್ವಲ್ಪ ತೋರಿಸಿ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜಿದರು. "ಬರೆದದ್ದರಲ್ಲಿ ಉಂಟು ವಿಮಲಾ. ಚಿತ್ರದಲ್ಲಿ ಎಲ್ಲ ಎಲ್ಲಿ ಹಾಕ್ತಾರೆ?"

"ಬರೆದಿರೋದನ್ನೇ ತೋರಿಸಿ."

ಅಮ್ಮ ಪಿಯುಸಿ ಮಾಡಿದವಳು. ಪುಸ್ತಕ ತೆಗೆದುಕೊಂಡು ನಿಂತಲ್ಲೇ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿದಳು, ಅರ್ಥವನ್ನೂ ಹೇಳಿದಳು. ನರಿ ಬೆಟ್ಟದ ಮೇಲೆ ಕುಳಿತಿತ್ತು. ನರಿಗೆ ಚಳಿಯಾಯಿತು. ನರಿ ಮನೆಗೆ ಹೋಯಿತು. ಪುಸ್ತಕ ಎಷ್ಟು ಬೇಗ ಮುಗಿದುಹೋಯಿತೆಂದರೆ ನನಗೆ ಅಳು ಬಂತು. "ನೀವು ಹೇಳಿದ್ದನ್ನೇ ಮಗು ಸ್ಕೂಲಲ್ಲಿ ಹೋಗಿ ಹೇಳಿದ್ರೆ ನನ್ ಮಾನ ಏನಾಗ್ಬೇಕು? ನನ್ನ ಆಡ್ಕೊಳೋದಕ್ಕೆ ಮಗು ಬೇಕಿತ್ತಾ ನಿಮ್ಗೆ?" ಎಂದಳು. ಅತ್ತೆ ಚಾಪೆ ಸುತ್ತಿ, ಬಾಗಿಲ ಮೂಲೆಗೆ ನಿಲ್ಲಿಸಿದರು. ಆ ನರಿ ಯಾರೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮನ ಸಂಶಯ ಸುಳ್ಳಾಗಿರಲಿಲ್ಲ, ಅದೇ ಕಷ್ಟ.

ಅಂದಿನಿಂದ ಅಮ್ಮನೇ ಓದಿದಳು. ತಪ್ಪಿಲ್ಲದೆ, ಸರಸರನೆ, ಒಲೆಯ ಕಡೆ ಒಂದು ಕಣ್ಣಿಟ್ಟು. ಅತ್ತೆ ಗ್ಯಾಲರಿಯಲ್ಲಿ ಲೋಕಲುಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ಮಳೆಗಾಲ ಕಳೆದ ಮೇಲೆ ಕಲ್ಯಾಣದ ದೂರದ ಸಂಬಂಧಿಕರೊಬ್ಬರಿಗೆ ಅಡುಗೆಗೆ ಜನ ಬೇಕಿತ್ತಂತೆ. ಅದೇ ಟ್ರಂಕು ಹಿಡಿದು ಹೊರಟರು. ಅಪ್ಪ ತುಳುವಿನಲ್ಲಿ ಏನೋ ಹೇಳಿದರು, ಅತ್ತೆ ಕನ್ನಡದಲ್ಲಿ, ಅಮ್ಮನಿಗೂ ಕೇಳಿಸುವ ಹಾಗೆ, "ಬೇಸರ ಎಂತದ್ದೂ ಇಲ್ಲ" ಎಂದರು. ಆಮೇಲೆ ನನ್ನ ಇಂಗ್ಲಿಷ್ ಚೆನ್ನಾಯಿತು, ಬಹುಮಾನಗಳೂ ಬಂದವು. ಆದರೆ ಕಾನ್ವೆಂಟು ಕಲಿಸದ, ಬೀದಿಯಲ್ಲಿ ಕೇಳಿಸದ ಈ ಕನ್ನಡ ನನ್ನ ನಾಲಿಗೆಗೆ ಬಂದದ್ದು ಎಲ್ಲಿಂದ ಎಂದು ಯಾರಾದರೂ ಕೇಳಿದರೆ, ಇಂಗ್ಲಿಷ್ ಪುಸ್ತಕಗಳಿಂದ ಎನ್ನುತ್ತೇನೆ. ನಗುತ್ತಾರೆ. ನಗಲಿ.

ಅಪ್ಪ ಹೋದರು, ಅಮ್ಮನೂ ಹೋದಳು, ಹೋದ ವರ್ಷ ಜಲಜತ್ತೆಯೂ. ಅವರು ಹೋಗುವ ಮುಂಚಿನ ದೀಪಾವಳಿಗೆ ಮಗಳನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋಗಿದ್ದೆ. ಚೀಲದಲ್ಲಿ ಒಂದು ಚಿತ್ರಪುಸ್ತಕ: ಆನೆಗಳ ಸಂಸಾರ, ಪುಟದ ತುಂಬ ಪಾತ್ರೆ, ಬಟ್ಟೆ, ಮರಿಗಳ ಗಲಾಟೆ. ಅತ್ತೆಗೆಂದೇ, ಅವರ ಕಣ್ಣಿನಿಂದಲೇ ಆರಿಸಿದ್ದು. ನಿಮ್ಮ ಮೊಮ್ಮಗಳಿಗೆ ಓದಿ ಹೇಳಿ ಎಂದು ಅವರ ಮಡಿಲಲ್ಲಿಟ್ಟೆ. ಮಗಳು ಅವರ ಮಂಡಿಗೆ ಒರಗಿ ಕೂತಳು. ನಾನೂ ಹತ್ತಿರ ಸರಿದೆ. ಈ ಆನೆಗಳು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತವೋ, ಯಾರ ಮನೆಯ ಗುಟ್ಟು ಹೊರಬೀಳುತ್ತದೋ.

ಅತ್ತೆ ಎಲ್ಲ ಚಿತ್ರಗಳನ್ನೂ ನೋಡಿದರು. ಒಂದು ಕಡೆ ತುಟಿ ಅಲುಗಿದಂತಾಯಿತು. ಆಮೇಲೆ ಪುಸ್ತಕ ಮುಚ್ಚಿ ನನ್ನ ಕಡೆ ಚಾಚಿದರು.

"ನೀನೇ ಓದು ಮಗಾ. ನನಗೆ ಇಂಗ್ಲಿಷ್ ಬರುದಿಲ್ಲಲ್ಲ."

ದನಿಯಲ್ಲಿ ಮುನಿಸಿರಲಿಲ್ಲ. "ಹಾಗಲ್ಲ ಅತ್ತೆ, ನಿಮಗೆ ತೋಚಿದ್ದು ಹೇಳಿ" ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು, ಮಾರುಕಟ್ಟೆಯಲ್ಲಿ ಹೆಚ್ಚು ನಗುವ ವ್ಯಾಪಾರಿಯನ್ನು ನೋಡುವ ಹಾಗೆ. ಓದಿಸಿ ಪರೀಕ್ಷೆ ಮಾಡಲು ಬಂದಿದ್ದೇನೆಂದು ಅವರಿಗೆ ಅನ್ನಿಸಿತೋ ಏನೋ. ನಾನೂ ಆ ವಿಮಲೆಯ ಮಗಳೇ ತಾನೇ? ವಿಧಿಯಿಲ್ಲದೆ ಓದಿದೆ. ಇದ್ದದ್ದನ್ನು, ಇದ್ದ ಹಾಗೆ. ಕ್ಷಣದಲ್ಲಿ ಮುಗಿಯಿತು.

"ಇಷ್ಟೆಯಾ?" ಎಂದರು ಅತ್ತೆ.

"ಇಷ್ಟೇ ಅತ್ತೆ."

ಅವರು ತಲೆಯಾಡಿಸಿ, ನನ್ನ ಮಗಳ ತಲೆಯನ್ನು ಮೆಲ್ಲಗೆ ಮಂಡಿಯಿಂದ ಸರಿಸಿ, ಗೋಡೆ ಹಿಡಿದು ಎದ್ದು, ಚಹಾಕ್ಕೆ ನೀರಿಡಲು ಒಳಗೆ ಹೋದರು.